ಐದು ಮಾತ್ರೆ, ಐದು ಲಕ್ಷ ಬಡಿತ

500 ಮಿಲಿಗ್ರಾಂನ ಒಂದು ಪ್ಯಾರಸಿಟಮಾಲ್ ಮಾತ್ರೆಯಲ್ಲಿ ಸುಮಾರು ಎರಡು ಕೋಟಿ ಕೋಟಿ ಕೋಟಿ ಅಣುಗಳಿವೆ. ಕೋಟಿ ಮೂರು ಸಲ ಬಿದ್ದಿರುವುದು ಅಚ್ಚಿನ ತಪ್ಪಲ್ಲ. ಎರಡರ ಮುಂದೆ 21 ಸೊನ್ನೆ ಹಾಕಿದರೆ ಬರುವ ಸಂಖ್ಯೆ ಅದು. ಭೂಮಿಯ ಮೇಲಿನ 800 ಕೋಟಿ ಜನಕ್ಕೆ ಈ ಒಂದೇ ಮಾತ್ರೆಯನ್ನು ಸಮನಾಗಿ ಹಂಚಿದರೂ ತಲೆಗೆ 25,000 ಕೋಟಿ ಅಣು ಸಿಗುತ್ತದೆ. ಅದರಿಂದ ಯಾರ ಜ್ವರವೂ ಇಳಿಯುವುದಿಲ್ಲ, ಆ ಮಾತು ಬೇರೆ.

ಉಚಿತ ಆರೋಗ್ಯ ತಪಾಸಣಾ ಶಿಬಿರ ಎಂಬ ಬ್ಯಾನರು ಕಟ್ಟಿದ ಯಾವ ಊರಿಗೆ ಹೋದರೂ ಔಷಧಿ ಮೇಜಿನ ಮೇಲೆ ಕಾಣುವುದು ಹೆಚ್ಚುಕಡಿಮೆ ಅವೇ ಇಪ್ಪತ್ತು ಇಪ್ಪತ್ತೈದು ಬಗೆ. ಜ್ವರ, ಮೈಕೈ ನೋವಿಗೆ ಪ್ಯಾರಸಿಟಮಾಲ್. ನೆಗಡಿ, ತುರಿಕೆಗೆ ಸಿಟ್ರಿಜಿನ್. ಎದೆ ಉರಿಗೆ ಪ್ಯಾಂಟೊಪ್ರಜೋಲ್. ಭೇದಿಗೆ ಓಆರ್‌ಎಸ್ ಮತ್ತು ಜಿಂಕ್ ಮಾತ್ರೆ. ಜಂತುಹುಳಕ್ಕೆ ಆಲ್ಬೆಂಡಜೋಲ್, ರಕ್ತಹೀನತೆಗೆ ಕಬ್ಬಿಣದ ಮಾತ್ರೆ, ಕಜ್ಜಿಗೆ ಪರ್ಮೆಥ್ರಿನ್ ಮುಲಾಮು, ಉಬ್ಬಸಕ್ಕೆ ಸಾಲ್ಬುಟಮಾಲ್, ಸೋಂಕಿಗೆ ಅಮಾಕ್ಸಿಸಿಲಿನ್. ಕೊನೆಯಲ್ಲಿ ಬಿಪಿಗೆ ಆಮ್ಲೋಡಿಪಿನ್, ಶುಗರಿಗೆ ಮೆಟ್‌ಫಾರ್ಮಿನ್. ಡಾಕ್ಟರು ಬರೆದ ಚೀಟಿ ನೋಡಿ ಮಾತ್ರೆ ಎಣಿಸಿ ಕೊಡುವ ಕೆಲಸಕ್ಕೆ ನಾನು ಆಗಾಗ ಕೂರುವುದುಂಟು. ನಾನು ಡಾಕ್ಟರಲ್ಲ, ಬರೀ ಎಣಿಸುವವನು. ದಿನವಿಡೀ ಎಣಿಸುವವನಿಗೆ ಲೆಕ್ಕದ ಹುಚ್ಚು ಹತ್ತಿದರೆ ತಪ್ಪೇನಿಲ್ಲ.

ಕೋಟಿ ಕೋಟಿಗಳ ಬೆರಗು ಒಂದು ಕಡೆಗಿರಲಿ. ಪ್ಯಾರಸಿಟಮಾಲ್‌ನಲ್ಲಿ ಎಚ್ಚರ ಬೇಕಾಗುವುದು ಸಣ್ಣ ಸಂಖ್ಯೆಗಳ ಹತ್ತಿರ. ದೊಡ್ಡವರಿಗೆ ದಿನದ ಮಿತಿ 4 ಗ್ರಾಂ: 500ರ ಮಾತ್ರೆಯಾದರೆ ಎಂಟು, 650ರದ್ದಾದರೆ ಆರು. ಮೀರಿದರೆ ಪೆಟ್ಟು ಬೀಳುವುದು ಲಿವರಿಗೆ. ನೆಗಡಿಯ ಗುಳಿಗೆಯಲ್ಲೂ ಮಂಡಿನೋವಿನ ಗುಳಿಗೆಯಲ್ಲೂ ಇದೇ ಔಷಧಿ ಬೆರೆತಿರುವುದುಂಟು, ಆದ್ದರಿಂದ ಮೂರು ಬೇರೆ ಬೇರೆ ಶೀಟು ಹಿಡಿದು ಹೊರಟವರು ಒಂದನ್ನೇ ಮೂರು ಸಲ ನುಂಗುವ ಅಪಾಯವಿದೆ. ಮಕ್ಕಳ ಬಾಟಲಿಗಳಂತೂ ಇನ್ನೂ ಮೋಸ. ಸಿರಪ್ಪಿನಲ್ಲಿ ಸಾಮಾನ್ಯವಾಗಿ 5 ಮಿ.ಲೀ.ಗೆ 125 ಮಿಲಿಗ್ರಾಂ ಔಷಧಿ. ಕೂಸುಗಳ ಡ್ರಾಪ್ಸ್‌ನಲ್ಲಿ ಒಂದೇ ಮಿ.ಲೀ.ಗೆ 100. ನೋಡಲು ಚಿಕ್ಕದಾದ ಬಾಟಲಿಯೊಳಗಿನದು ನಾಲ್ಕು ಪಟ್ಟು ಗಟ್ಟಿ. ಆರು ಕೆ.ಜಿ.ಯ ಕೂಸಿಗೆ ಒಂದು ಹೊತ್ತಿಗೆ 60ರಿಂದ 90 ಮಿಲಿಗ್ರಾಂ ಸಾಕು, ಅಂದರೆ ಡ್ರಾಪ್ಸ್ ಒಂದು ಮಿ.ಲೀ. ಕೂಡ ಬೇಡ. ಸಾಲು ಉದ್ದವಿದೆಯೆಂದು ಅವಸರದಲ್ಲಿ "ಒಂದು ಚಮಚ ಹಾಕಮ್ಮ" ಎಂದುಬಿಟ್ಟರೆ ಕೂಸಿನ ಹೊಟ್ಟೆಗೆ ಹೋಗುವುದು 500 ಮಿಲಿಗ್ರಾಂ. ಅದು ಅದರ ಅಪ್ಪನ ಡೋಸು.

ಮೇಜಿನ ಮೇಲಿರುವುದರಲ್ಲಿ ಅತಿ ಹೆಚ್ಚು ಜೀವ ಉಳಿಸಿದ್ದು ಯಾವುದು ಎಂದರೆ ಜನ ಇಂಜೆಕ್ಷನ್ನಿನ ಕಡೆ ನೋಡುತ್ತಾರೆ. ಅದು ಮೂಲೆಯಲ್ಲಿ ರಾಶಿ ಬಿದ್ದಿರುವ ಓಆರ್‌ಎಸ್ ಪೊಟ್ಟಣ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಒಂದು ಪೊಟ್ಟಣದಲ್ಲಿ 20.5 ಗ್ರಾಂ ಪುಡಿ: ಗ್ಲೂಕೋಸ್ 13.5, ಅಡುಗೆ ಉಪ್ಪು 2.6, ಸಿಟ್ರೇಟ್ 2.9, ಪೊಟ್ಯಾಸಿಯಂ ಕ್ಲೋರೈಡ್ 1.5. ಇದರಲ್ಲಿ ಕಾಲರಾ ಕೊಲ್ಲುವ ಔಷಧಿ ಒಂದು ಕಣವೂ ಇಲ್ಲ, ಭೇದಿ ನಿಲ್ಲಿಸುವ ಔಷಧಿಯೂ ಇಲ್ಲ. ಇರುವುದು ಕರುಳಿನ ಗೋಡೆಯ ಒಂದು ಗುಟ್ಟಿನ ಬಾಗಿಲಿಗೆ ಬೇಕಾದ ಜೋಡಿ. ಸೋಡಿಯಂ ಒಂಟಿಯಾಗಿ ಬಂದರೆ ಭೇದಿಯಾದ ಕರುಳು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಗ್ಲೂಕೋಸಿನ ಕೈ ಹಿಡಿದು ಬಂದರೆ ಬಿಡುತ್ತದೆ, ಹಿಂದೆಯೇ ನೀರೂ ಹೋಗುತ್ತದೆ. ರಾಬರ್ಟ್ ಕ್ರೇನ್ ಎಂಬ ವಿಜ್ಞಾನಿ ಈ ಜೋಡಿ ಸಾಗಾಟದ ವಿಚಾರವನ್ನು ಮೊದಲು ಮಂಡಿಸಿದ್ದು 1960ರಲ್ಲಿ.

ಸಣ್ಣ ಕರುಳಿನ ದಿನದ ವಹಿವಾಟು ಎಷ್ಟು ಗೊತ್ತೆ? ನಾವು ಕುಡಿಯುವುದು ಎರಡು ಲೀಟರಿನ ಆಸುಪಾಸು. ಜೊಲ್ಲು, ಜಠರರಸ, ಪಿತ್ತರಸ ಎಂದು ಮೈಯೇ ಒಳಕ್ಕೆ ಸುರಿಯುವುದು ಇನ್ನೂ ಏಳು ಲೀಟರು. ಈ ಒಂಬತ್ತರಲ್ಲಿ ಕೊನೆಗೆ ಹೊರಗೆ ಹೋಗುವುದು ನೂರಿನ್ನೂರು ಮಿ.ಲೀ. ಮಾತ್ರ, ಉಳಿದದ್ದೆಲ್ಲ ರಕ್ತಕ್ಕೆ ವಾಪಸು. ಕಾಲರಾ ಈ ವಾಪಸಾತಿಯ ಲೆಕ್ಕವನ್ನೇ ತಲೆಕೆಳಗು ಮಾಡುತ್ತದೆ. ಜೋರಾದ ಕಾಲರಾದಲ್ಲಿ ಗಂಟೆಗೆ ಒಂದು ಲೀಟರಿನವರೆಗೂ ನೀರು ಹರಿದುಹೋಗಬಹುದು. ಬೆಳಿಗ್ಗೆ ಎದ್ದು ಹೊಲಕ್ಕೆ ಹೋದವನು ಸಂಜೆಗೆ ಇಲ್ಲವಾಗುವುದು ಹೀಗೆ.

1971ರಲ್ಲಿ ಪೂರ್ವ ಬಂಗಾಳದಿಂದ ಸುಮಾರು ಒಂದು ಕೋಟಿ ನಿರಾಶ್ರಿತರು ಭಾರತಕ್ಕೆ ಬಂದರು. ಗಡಿಯ ಬನಗಾಂವ್ ಊರಿನ ಆಸ್ಪತ್ರೆಯಲ್ಲಿ ಕಾಲರಾ ರೋಗಿಗಳು ನೆಲದ ಮೇಲೆ ಮಲಗಿದ್ದರು, ಸಲೈನ್ ಬಾಟಲಿ ಖಾಲಿಯಾಗುತ್ತ ಬಂದಿತ್ತು. ಮಕ್ಕಳ ವೈದ್ಯ ದಿಲೀಪ್ ಮಹಲಾನಬಿಸ್ ಕೋಲ್ಕತ್ತದಲ್ಲಿ ಉಪ್ಪು, ಗ್ಲೂಕೋಸು, ಅಡುಗೆ ಸೋಡ ತೂಗಿಸಿ ಪೊಟ್ಟಣ ಕಟ್ಟಿಸಿದರು, ನಲ್ಲಿಯಿರುವ ಡ್ರಮ್ಮುಗಳಲ್ಲಿ ಕದಡಿಸಿದರು, ರೋಗಿಯ ಅಮ್ಮ, ಅಕ್ಕ, ಗಂಡ ಯಾರಿದ್ದಾರೋ ಅವರ ಕೈಗೇ ಲೋಟ ಕೊಟ್ಟು ಕುಡಿಸಲು ಹೇಳಿದರು. ಅಲ್ಲಿಯವರೆಗೆ ನಿರಾಶ್ರಿತರ ಶಿಬಿರಗಳಲ್ಲಿ ನೂರಕ್ಕೆ 30ರಷ್ಟಿದ್ದ ಸಾವು ಅವರ ಶುಶ್ರೂಷೆಯಲ್ಲಿದ್ದ 3,700ಕ್ಕೂ ಹೆಚ್ಚು ಜನರಲ್ಲಿ ನೂರಕ್ಕೆ 3.6ಕ್ಕೆ ಇಳಿಯಿತು. 1978ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಇದನ್ನು ಶತಮಾನದ ಅತಿ ಮಹತ್ವದ ವೈದ್ಯಕೀಯ ಮುನ್ನಡೆಯಾಗಬಲ್ಲದು ಎಂದು ಬರೆಯಿತು. 1980ರ ಆಸುಪಾಸಿನಲ್ಲಿ ಜಗತ್ತಿನಲ್ಲಿ ಭೇದಿಗೆ ವರ್ಷಕ್ಕೆ 45 ಲಕ್ಷಕ್ಕೂ ಹೆಚ್ಚು ಎಳೆಯ ಮಕ್ಕಳು ಬಲಿಯಾಗುತ್ತಿದ್ದರು. ಈಗ ಆ ಸಂಖ್ಯೆ ನಾಲ್ಕೂವರೆ ಲಕ್ಷದ ಹತ್ತಿರ. ಶುದ್ಧ ನೀರು, ಲಸಿಕೆಗಳ ಪಾಲೂ ಇದರಲ್ಲಿದೆ ನಿಜ. ಆದರೂ ಈ ಪೊಟ್ಟಣ ಉಳಿಸಿದ ಜೀವಗಳನ್ನು ಐದರಿಂದ ಏಳು ಕೋಟಿಯೆಂದು ಅಂದಾಜು ಮಾಡುತ್ತಾರೆ. ಸುಮ್ಮನೆ ಹೋಲಿಸಿ ನೋಡಿ: ನಮ್ಮ ರಾಜ್ಯದ ಜನಸಂಖ್ಯೆ 2011ರ ಗಣತಿಯಲ್ಲಿ 6.1 ಕೋಟಿ. ಮಹಲಾನಬಿಸ್ ತೀರಿಕೊಂಡಿದ್ದು 2022ರಲ್ಲಿ. ಪದ್ಮವಿಭೂಷಣ ಬಂದದ್ದು ಮರುವರ್ಷ, ಅವರಿಲ್ಲದಾಗ.

ಇಷ್ಟು ದೊಡ್ಡ ಪೊಟ್ಟಣವನ್ನು ನಾವು ಕೆಡಿಸುವುದು ಒಂದು ಲೋಟದಿಂದ. ದೊಡ್ಡ ಪೊಟ್ಟಣ ಪೂರ್ತಿ ಒಂದು ಲೀಟರು ನೀರಿಗೆ, ಚಿಕ್ಕದು 200 ಮಿ.ಲೀ.ಗೆ. ದೊಡ್ಡದನ್ನು ಒಂದೇ ಲೋಟಕ್ಕೆ ಸುರಿದರೆ ಐದು ಪಟ್ಟು ಗಟ್ಟಿಯಾದ ಉಪ್ಪುನೀರಾಗುತ್ತದೆ, ಕರುಳು ನೀರು ಹೀರುವ ಬದಲು ಮೈಯಿಂದಲೇ ಎಳೆದು ಹೊರಹಾಕುತ್ತದೆ. ನಮ್ಮ ಮೇಜಿನ ಮೇಲೆ ಒಂದು ಖಾಲಿ ಲೀಟರು ನೀರಿನ ಬಾಟಲಿ ಇಟ್ಟುಕೊಂಡು "ಇದು ತುಂಬಾ, ಕಂಠದವರೆಗೂ" ಎಂದು ತೋರಿಸಿಯೇ ಪೊಟ್ಟಣ ಕೊಡುವುದು. ಅಂಗಡಿಯಲ್ಲಿ ಓಆರ್‌ಎಸ್ ಎಂಬ ಹೆಸರು ಹೊತ್ತ ಸಿಹಿ ಪಾನೀಯಗಳೂ ಬಹಳ ವರ್ಷ ಮಾರಾಟವಾದವು. ಸಕ್ಕರೆ ಅತಿಯಾಗಿದ್ದ ಅವುಗಳ ಮೇಲಿಂದ ಆ ಮೂರಕ್ಷರ ತೆಗೆಯುವಂತೆ ಆಹಾರ ಸುರಕ್ಷತಾ ಪ್ರಾಧಿಕಾರ ಹೇಳಿದ್ದು 2025ರ ಅಕ್ಟೋಬರಿನಲ್ಲಿ.

ಆಲ್ಬೆಂಡಜೋಲ್ ಮಾತ್ರೆ ಅಗಿದು ನುಂಗುವಂಥದ್ದು, 400 ಮಿಲಿಗ್ರಾಂ, ಒಂದೇ ಡೋಸು. ಒಂದರಿಂದ ಎರಡು ವರ್ಷದೊಳಗಿನ ಮಕ್ಕಳಿಗೆ ಅರ್ಧ. ಅದು ಎದುರಿಸುವ ವೈರಿಯ ಅಂಕಿ ಕೇಳಿ: ದುಂಡುಹುಳದ ಒಂದು ಹೆಣ್ಣು ದಿನಕ್ಕೆ ಸುಮಾರು ಎರಡು ಲಕ್ಷ ಮೊಟ್ಟೆ ಇಡುತ್ತದೆ. ಜಗತ್ತಿನಲ್ಲಿ ಸುಮಾರು 150 ಕೋಟಿ ಜನರ ಹೊಟ್ಟೆಯಲ್ಲಿ ಮಣ್ಣಿನಿಂದ ಬಂದ ಹುಳಗಳಿವೆ. ಭಾರತದಲ್ಲಿ ಅಪಾಯದ ಅಂಚಿನಲ್ಲಿರುವ ಮಕ್ಕಳೇ 24 ಕೋಟಿಗೂ ಹೆಚ್ಚು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. 2015ರಿಂದ ಫೆಬ್ರವರಿ 10, ಆಗಸ್ಟ್ 10ರ ಹೊತ್ತಿಗೆ ಶಾಲೆ, ಅಂಗನವಾಡಿಗಳಲ್ಲಿ ಈ ಮಾತ್ರೆ ಹಂಚುವುದು ಅದಕ್ಕೇ.

ಕೊಕ್ಕೆಹುಳು ಇನ್ನೂ ಜಿಪುಣ ಲೆಕ್ಕದ ಪ್ರಾಣಿ. ನೆಕೇಟರ್ ಎಂಬ ಜಾತಿಯ ಒಂದು ಹುಳು ದಿನಕ್ಕೆ ಕುಡಿಯುವ ರಕ್ತ 0.03 ಮಿ.ಲೀ., ಸೂಜಿಮೊನೆಯಷ್ಟು. ನೂರು ಹುಳುವಿದ್ದರೆ ಮೂರು ಮಿ.ಲೀ. ಆ ಮೂರು ಮಿ.ಲೀ. ರಕ್ತದಲ್ಲಿ ಒಂದೂವರೆ ಮಿಲಿಗ್ರಾಂ ಕಬ್ಬಿಣ ಇರುತ್ತದೆ. ಆರೋಗ್ಯವಂತ ಮನುಷ್ಯನ ಕರುಳು ದಿನದ ಊಟದಿಂದ ಹೀರಿಕೊಳ್ಳುವ ಕಬ್ಬಿಣ ಎಷ್ಟು? ಒಂದರಿಂದ ಎರಡು ಮಿಲಿಗ್ರಾಂ. ಸೊಪ್ಪು, ರಾಗಿ, ಕಾಳು ತಿಂದು ಗಳಿಸಿದ್ದನ್ನೆಲ್ಲ ನೂರು ಹುಳುಗಳು ಪಡೆದುಕೊಂಡು ಕೂತಿರುತ್ತವೆ.

ಇದಕ್ಕೇ ಹುಳದ ಮಾತ್ರೆಯ ಪಕ್ಕದಲ್ಲೇ ಕಬ್ಬಿಣದ ಮಾತ್ರೆಯ ಡಬ್ಬಿ ಇರುವುದು. ಮೂಳೆಮಜ್ಜೆ ಸೆಕೆಂಡಿಗೆ 20 ಲಕ್ಷಕ್ಕೂ ಹೆಚ್ಚು ಕೆಂಪು ರಕ್ತಕಣ ತಯಾರಿಸುತ್ತದೆ. ಒಂದೊಂದರೊಳಗೆ ಸುಮಾರು 27 ಕೋಟಿ ಹಿಮೋಗ್ಲೋಬಿನ್ ಅಣು, ಒಂದೊಂದು ಅಣುವಿಗೆ ನಾಲ್ಕು ಕಬ್ಬಿಣ. ಈ ವಾಕ್ಯ ಓದುವಷ್ಟರಲ್ಲಿ ನಿಮ್ಮ ಮೂಳೆಗಳು ಕೋಟಿ ಕೋಟಿ ಲೆಕ್ಕದಲ್ಲಿ ಕಬ್ಬಿಣದ ಪರಮಾಣು ಜೋಡಿಸಿ ಮುಗಿಸಿವೆ. ದಿನಕ್ಕೆ ಬೇಕಾದ 20 ಮಿಲಿಗ್ರಾಂ ಚಿಲ್ಲರೆಯಲ್ಲಿ ಬಹುಪಾಲು ಹಳೆಯ ಕಣಗಳನ್ನು ಒಡೆದು ತೆಗೆದದ್ದು. ಮೈಯಲ್ಲಿರುವ ಒಟ್ಟು ಕಬ್ಬಿಣವೇ ಮೂರು ನಾಲ್ಕು ಗ್ರಾಂ. ಇಷ್ಟು ಬಿಗಿಯಾದ ಸಂಸಾರದಲ್ಲಿ ಮುಟ್ಟು, ಬಸಿರು, ಹುಳು ಮೂರೂ ಸೇರಿದರೆ ಏನಾಗುತ್ತದೆಂಬುದಕ್ಕೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಉತ್ತರ ಕೊಟ್ಟಿದೆ: 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ, ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 67. ಬಸುರಿಗೆ ದಿನಕ್ಕೊಂದರಂತೆ 180 ಮಾತ್ರೆ, ಹೆರಿಗೆಯಾದ ಮೇಲೆ ಇನ್ನೂ 180. ಒಂದರಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್. ಕೊಡುವಾಗ ಎರಡು ಮಾತು ಹೇಳದಿದ್ದರೆ ಡಬ್ಬಿ ಅಟ್ಟ ಸೇರುತ್ತದೆ: ಮಲ ಕಪ್ಪಗಾಗುತ್ತದೆ, ಹೆದರಬೇಡಿ, ಮಾತ್ರೆಯ ಹಿಂದೆಮುಂದೆ ಟೀ ಕುಡಿಯಬೇಡಿ.

ಗ್ಯಾಸ್ ಮಾತ್ರೆಯ, ಅಂದರೆ ಪ್ಯಾಂಟೊಪ್ರಜೋಲ್‌ನ ವಿಷಯ ಉದ್ದ ಮಾಡುವುದಿಲ್ಲ. ಏನೂ ಕಾಯಿಲೆಯಿಲ್ಲದವರೂ ಹೊರಡುವಾಗ "ಒಂದ್ ಗ್ಯಾಸ್ ಗುಳಿಗೆ ಇರ್ಲಿ ಸಾರ್" ಎನ್ನುತ್ತಾರೆ. ಜಠರದ ಆಮ್ಲ ರಕ್ತಕ್ಕಿಂತ ಹತ್ತು ಲಕ್ಷ ಪಟ್ಟು ಹುಳಿ, ಆ ಹುಳಿಯನ್ನು ಪಂಪು ಮಾಡುವ ಯಂತ್ರವನ್ನೇ ಈ ಮಾತ್ರೆ ಕಟ್ಟಿಹಾಕುತ್ತದೆ. ಊಟಕ್ಕೆ ಅರ್ಧ ಗಂಟೆ ಮೊದಲು ನುಂಗಿದರೆ ಕೆಲಸ ಚೆನ್ನ. ಉಬ್ಬಸದ ಇನ್ಹೇಲರಿನದು ಇದಕ್ಕಿಂತ ಸೋಜಿಗ: ಒಂದು ಒತ್ತಿಗೆ 100 ಮೈಕ್ರೋಗ್ರಾಂ, ಡಬ್ಬಿಗೆ 200 ಒತ್ತು. ಅಂದರೆ ಡಬ್ಬಿಯಲ್ಲಿರುವ ಔಷಧಿಯೆಲ್ಲ ಸೇರಿ 20 ಮಿಲಿಗ್ರಾಂ.

ಅಮಾಕ್ಸಿಸಿಲಿನ್ ಮುಟ್ಟುವಾಗ ನನಗೆ 1942ರ ಮಾರ್ಚ್ ನೆನಪಾಗುತ್ತದೆ. ಅಮೆರಿಕದ ನ್ಯೂ ಹೇವನ್‌ನಲ್ಲಿ ಆನ್ ಮಿಲ್ಲರ್ ಎಂಬ, ಗರ್ಭಪಾತವಾದ ಹೆಂಗಸು ರಕ್ತದ ಸೋಂಕಿನಿಂದ ಸಾಯುವ ಹಂತದಲ್ಲಿದ್ದರು. ಆಕೆಗೆ ಕೊಟ್ಟ ಪೆನಿಸಿಲಿನ್ 5.5 ಗ್ರಾಂ, ಒಂದು ಚಮಚದಷ್ಟು. ಅದು ಆಗ ಇಡೀ ಅಮೆರಿಕದಲ್ಲಿದ್ದ ದಾಸ್ತಾನಿನ ಅರ್ಧ. ಆಕೆ ಬದುಕಿ 90 ವರ್ಷ ಬಾಳಿದರು. ಇವತ್ತು ಅದೇ ಕುಲದ ಅಮಾಕ್ಸಿಸಿಲಿನ್ 500 ಮಿಲಿಗ್ರಾಂ ದಿನಕ್ಕೆ ಮೂರರಂತೆ ಐದು ದಿನಕ್ಕೆ 7.5 ಗ್ರಾಂ, ಒಬ್ಬ ರೋಗಿಯ ಕೈಚೀಲದಲ್ಲಿ. ನುಂಗಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಮೂತ್ರದಲ್ಲಿ ಹಾಗೇ ಹೊರಬೀಳುತ್ತದೆ. ಬ್ಯಾಕ್ಟೀರಿಯಾದ ಕಡೆಯ ಗಣಿತವೂ ಸಾಮಾನ್ಯದ್ದಲ್ಲ. ಇಪ್ಪತ್ತು ನಿಮಿಷಕ್ಕೊಮ್ಮೆ ಎರಡಾಗುವ ಒಂದು ಕಣಕ್ಕೆ ಯಾವ ಅಡ್ಡಿಯೂ ಇಲ್ಲದಿದ್ದರೆ ಒಂದೇ ದಿನದಲ್ಲಿ ಅದರ ಸಂತಾನ ಒಂದು ಪ್ಯಾರಸಿಟಮಾಲ್ ಮಾತ್ರೆಯ ಅಣುಗಳ ಸಂಖ್ಯೆಯನ್ನು ಮೀರುತ್ತದೆ. ಅಷ್ಟು ಅನುಕೂಲ ಅದಕ್ಕೆ ಎಂದೂ ಸಿಗದು. ಆದರೆ ಇಂಥ ಜನಜಂಗುಳಿಯಲ್ಲಿ ಔಷಧಿಗೆ ಬಗ್ಗದ ಒಂದೆರಡು ಹುಟ್ಟುವುದು ಖಂಡಿತ. ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳೇ ನೇರ ಕಾರಣವಾಗಿ 2019ರಲ್ಲಿ ಸತ್ತವರು ಜಗತ್ತಿನಲ್ಲಿ ಸುಮಾರು 12.7 ಲಕ್ಷ. ನೆಗಡಿಗೆ, ಅದೂ ಎರಡು ದಿನಕ್ಕೆ, ಆ್ಯಂಟಿಬಯಾಟಿಕ್ ಹಂಚುವ ಶಿಬಿರಕ್ಕಿಂತ ಶಿಬಿರ ನಡೆಯದಿರುವುದೇ ಮೇಲು ಎನ್ನುವಷ್ಟು ಕಟುವಾಗಿದ್ದೇನೆ ನಾನು.

ನಮ್ಮ ನಾಡಿಗೆ ಶಿಬಿರವೆಂಬುದನ್ನು ದೊಡ್ಡ ಮಟ್ಟದಲ್ಲಿ ಕಲಿಸಿದವರಲ್ಲಿ ಕಣ್ಣಿನ ಡಾಕ್ಟರು ಎಂ.ಸಿ. ಮೋದಿಯವರು ಮೊದಲಿಗರು. ಹುಟ್ಟಿದ್ದು ಬೀಳಗಿಯಲ್ಲಿ. ಊರೂರು ತಿರುಗಿ ಸಾಲುಸಾಲು ಮಲಗಿಸಿ ಕಣ್ಣಿನ ಪೊರೆ ತೆಗೆದರು. ಗಿನ್ನೆಸ್ ದಾಖಲೆಯ ಪ್ರಕಾರ ಒಂದೇ ದಿನ 833 ಶಸ್ತ್ರಚಿಕಿತ್ಸೆ. 1993ರ ಫೆಬ್ರವರಿಯವರೆಗೆ 46,120 ಹಳ್ಳಿ, 1.21 ಕೋಟಿ ರೋಗಿಗಳು, 6,10,564 ಶಸ್ತ್ರಚಿಕಿತ್ಸೆ. ಓದಿದರೆ ಕಣ್ಣು ಕತ್ತಲೆ ಬರುವ ಅಂಕಿ. ಇದು ಸಾಧ್ಯವಾದದ್ದು ಪೊರೆಯ ಸ್ವಭಾವದಿಂದ: ಒಮ್ಮೆ ತೆಗೆದರೆ ತೆಗೆದಂತೆ. ಓಆರ್‌ಎಸ್, ಹುಳದ ಮಾತ್ರೆ, ಕಜ್ಜಿಯ ಮುಲಾಮು ಎಲ್ಲ ಅದೇ ಜಾತಿ. ಬಂದು, ಕೊಟ್ಟು, ಹೋಗಬಹುದಾದ ಕೆಲಸ.

ಈಗ ಸಾಲಿನಲ್ಲಿ ನಿಲ್ಲುವವರ ಕಾಯಿಲೆ ಆ ಜಾತಿಯದ್ದಲ್ಲ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಅಂದಾಜಿನಲ್ಲಿ ಭಾರತದಲ್ಲಿ ಬಿಪಿ ಇರುವವರು 31.5 ಕೋಟಿ, ಸಕ್ಕರೆ ಕಾಯಿಲೆಯವರು 10.1 ಕೋಟಿ. ಇವರ ಔಷಧಿಗಳಲ್ಲಿ ಒಂದು ತೀರಾ ಸಣ್ಣದು, ಇನ್ನೊಂದು ದೊಡ್ಡದು.

ಆಮ್ಲೋಡಿಪಿನ್ ಮಾತ್ರೆಯಲ್ಲಿ ಔಷಧಿ 5 ಮಿಲಿಗ್ರಾಂ, ಉಳಿದದ್ದು ಪುಡಿ, ಅಂಟು. 50 ಕೆ.ಜಿ. ತೂಗುವ ಅಜ್ಜಿಯ ಮೈಯಲ್ಲಿ ಅದು ಸರಿಯಾಗಿ ಒಂದು ಕೋಟಿಯಲ್ಲೊಂದು ಭಾಗ. ಇಷ್ಟರಿಂದ ರಕ್ತನಾಳ ಸಡಿಲವಾಗುವುದು ಹೇಗೆ ಎಂದರೆ, ಅಣುಗಳನ್ನು ಲೆಕ್ಕ ಹಾಕಿದಾಗ ಮೈಯ ಪ್ರತಿ ಜೀವಕೋಶದ ಪಾಲಿಗೂ ಎರಡು ಲಕ್ಷಕ್ಕೂ ಹೆಚ್ಚು ಬರುತ್ತವೆ. ಥೈರಾಯ್ಡಿನವರ ಮಾತ್ರೆ ಇನ್ನೂ ವಿಚಿತ್ರ: 25 ಮೈಕ್ರೋಗ್ರಾಂ. ಒಂದು ಕೆ.ಜಿ. ಔಷಧಿಯಿಂದ ನಾಲ್ಕು ಕೋಟಿ ಮಾತ್ರೆ ಮಾಡಬಹುದು. ಮೆಟ್‌ಫಾರ್ಮಿನ್ ಇದಕ್ಕೆ ತದ್ವಿರುದ್ಧ. 500ರದ್ದು ದಿನಕ್ಕೆರಡು, ಅಂದರೆ ಪೂರ್ತಿ ಒಂದು ಗ್ರಾಂ. ಬಿಪಿಯ 31.5 ಕೋಟಿ ಜನರೂ ದಿನಕ್ಕೊಂದು ಆಮ್ಲೋಡಿಪಿನ್ ತೆಗೆದುಕೊಂಡರೆ ವರ್ಷಕ್ಕೆ ಸುಮಾರು 11,500 ಕೋಟಿ ಮಾತ್ರೆ. ಅಷ್ಟರಲ್ಲಿರುವ ಔಷಧಿ 575 ಟನ್, ಹತ್ತು ಟನ್ ಹೊರುವ 58 ಲಾರಿಗೆ ಸಾಕು. ಶುಗರಿನವರು ಮೂರನೇ ಒಂದು ಭಾಗದಷ್ಟಿದ್ದರೂ ಅವರ ಮೆಟ್‌ಫಾರ್ಮಿನ್‌ಗೆ 3,700 ಲಾರಿ ಬೇಕು.

ಇಡೀ ದೇಶದ ಬಿಪಿ ಐವತ್ತೆಂಟು ಲಾರಿ! ಆದರೆ ಶಿಬಿರದಲ್ಲಿ ಕೊಡುವುದು ಐದು ಮಾತ್ರೆ. ಹತ್ತರ ಶೀಟನ್ನು ಕತ್ತರಿಯಲ್ಲಿ ನಡುವೆ ಕತ್ತರಿಸುತ್ತೇವೆ. ಹೆಸರೂ ಎಕ್ಸ್‌ಪೈರಿ ತಾರೀಕೂ ಇರುವ ತುದಿ ಒಬ್ಬರಿಗೆ ಹೋಗುತ್ತದೆ, ಇನ್ನೊಬ್ಬರಿಗೆ ಬೆಳ್ಳಿ ಬಣ್ಣದ ಬರೀ ತುಂಡು. ಅದನ್ನು ಕಾಗದದ ಕವರಿಗೆ ಹಾಕಿ, ಓದು ಬಾರದವರಿಗೆ ಸೂರ್ಯನ ಚಿತ್ರವೋ ಚಂದ್ರನ ಚಿತ್ರವೋ ಬರೆದು ಕೊಡುತ್ತೇವೆ.

"ಏನಪ್ಪಾ, ಐದೇ ಗುಳಿಗೆ? ಆಮೇಕೆ?"

"ಆಮೇಲೆ ಸರ್ಕಾರಿ ಆಸ್ಪತ್ರೆಗೆ ಹೋಗಿ ಅಜ್ಜಿ, ಅಲ್ಲಿ ಕೊಡ್ತಾರೆ."

"ಅಲ್ಲಿಗೋಗಕ್ಕೆ ಹೊತ್ತಿಗ್ ಸರ್ಯಾಗಿ ಬಸ್ಸೆಲ್ಲೈತಪ್ಪಾ. ನೀನೇ ಇನ್ನೊಂದ್ ಹತ್ತು ಹಾಕು."

ಅಜ್ಜಿಯ ಲೆಕ್ಕವೇ ಸರಿ. ಹೃದಯ ದಿನಕ್ಕೆ ಒಂದು ಲಕ್ಷ ಸಲ ಬಡಿಯುತ್ತದೆ, ಒಂದೊಂದು ಬಡಿತವೂ ಬಿಗಿದ ರಕ್ತನಾಳಕ್ಕೆ ಒಂದು ಏಟು. ವರ್ಷಕ್ಕೆ 3.65 ಕೋಟಿ ಏಟು. ನಾವು ಕೊಟ್ಟದ್ದು ಐದು ಲಕ್ಷಕ್ಕೆ ರಕ್ಷಣೆ. ಅದೂ ಪೂರ್ತಿಯಲ್ಲ. ಆಮ್ಲೋಡಿಪಿನ್ ಮೈಯಿಂದ ನಿಧಾನವಾಗಿ ಹೋಗುವ ಔಷಧಿ, ಅರ್ಧ ಇಳಿಯುವುದಕ್ಕೇ 30ರಿಂದ 50 ಗಂಟೆ. ಹಾಗಾಗಿ ದಿನವೂ ನುಂಗುತ್ತ ಬಂದರೆ ರಕ್ತದಲ್ಲಿ ಅದರ ಮಟ್ಟ ಏರಿ ನೆಲೆ ನಿಲ್ಲುವುದು ಏಳೆಂಟನೆಯ ದಿನಕ್ಕೆ. ನಮ್ಮ ಐದು ಮಾತ್ರೆ ಮುಗಿಯುವ ಹೊತ್ತಿಗೆ ಔಷಧಿ ಇನ್ನೂ ಮೆಟ್ಟಿಲು ಹತ್ತುತ್ತಿರುತ್ತದೆ. ಬಿಪಿಯಿಂದ ನೋವಿಲ್ಲ, ಉರಿಯಿಲ್ಲ, ಮಾತ್ರೆ ನಿಲ್ಲಿಸಿದ್ದೂ ಗೊತ್ತಾಗುವುದಿಲ್ಲ. ಮುಂದಿನ ಶಿಬಿರ ಮುಂದಿನ ವರ್ಷ.

ಇದಕ್ಕೆ ದಾರಿಗಳಿಲ್ಲವೆಂದಲ್ಲ. ದೇಶದಲ್ಲಿ ಜನೌಷಧಿ ಕೇಂದ್ರಗಳು 15,000 ದಾಟಿವೆ, ಅಲ್ಲಿ ಈ ಮಾತ್ರೆಯ ಬೆಲೆ ಒಂದು ರೂಪಾಯಿಗಿಂತ ಕಡಿಮೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ. ಮನೆಬಾಗಿಲಿಗೇ ಹೋಗಿ ಬಿಪಿ, ಶುಗರ್ ನೋಡುವ ಗೃಹ ಆರೋಗ್ಯ ಯೋಜನೆಯನ್ನು ರಾಜ್ಯ ಸರ್ಕಾರ ಶುರುಮಾಡಿದೆ. ಶಿಬಿರ ನಡೆಸುವವರು ಹಂಚಬೇಕಾದದ್ದು ಮಾತ್ರೆಗಿಂತ ಹೆಚ್ಚಾಗಿ ಈ ಮೂರರಲ್ಲಿ ಒಂದರ ಜೊತೆ ಹೆಸರು ಬರೆಸಿದ ಕಾರ್ಡು.

ಒಂದು ಊರಲ್ಲಿ ಬಿಪಿ ಇರುವವರು ನೂರು ಜನ ಎಂದುಕೊಳ್ಳಿ. ಅವರ ಇಡೀ ವರ್ಷದ ಮಾತ್ರೆ 36,500. ಅಷ್ಟರಲ್ಲೂ ಇರುವ ಔಷಧಿಯ ತೂಕ 182.5 ಗ್ರಾಂ, ಒಂದು ಅಂಗೈ ಸಾಕು. ಜನೌಷಧಿ ಬೆಲೆಯಲ್ಲಿ ಖರ್ಚು 36,500 ರೂಪಾಯಿಯೊಳಗೆ. ಶಾಮಿಯಾನ, ಮೈಕು, ಬ್ಯಾನರು, ಅತಿಥಿಗಳ ಹಾರ ಶಾಲು, ಮಧ್ಯಾಹ್ನದ ಪಲಾವು ಮೊಸರನ್ನದ ಬಿಲ್ಲುಗಳನ್ನು ಕೂಡಿಸಿದರೆ ಎಷ್ಟೋ ಶಿಬಿರಗಳ ಒಂದು ಭಾನುವಾರದ ಖರ್ಚೇ ಇದನ್ನು ದಾಟುತ್ತದೆ. ಮಾತ್ರೆಗಿಂತ ಕಷ್ಟ ಇನ್ನೊಂದಿದೆ. ಆ ನೂರು ಜನರ ತೋಳಿಗೆ ತಿಂಗಳಿಗೊಮ್ಮೆ ಪಟ್ಟಿ ಕಟ್ಟಿ ಬಿಪಿ ನೋಡಬೇಕು, ಡೋಸು ಸಾಲದವರನ್ನು ಡಾಕ್ಟರ ಹತ್ತಿರ ಕಳಿಸಬೇಕು. ವರ್ಷಕ್ಕೆ 1,200 ಸಲ, ಸಲಕ್ಕೆ ಐದು ನಿಮಿಷ. ಒಟ್ಟು ನೂರು ಗಂಟೆ, ಒಬ್ಬ ನರ್ಸಿನ ಎರಡೂವರೆ ವಾರದ ಕೆಲಸ.